ಓಲೆಯ ತಿರುಪು

ತೀರ್ಥಹಳ್ಳಿ ಕಡೆ ಅಡಿಕೆ ಸುಲಿತವೂ ಕ್ರಿಸ್‌ಮಸ್ಸೂ ಒಟ್ಟಿಗೇ ತಲೆ ಮೇಲೆ ಬೀಳುತ್ತವೆ. ಅಂಗಳದಲ್ಲಿ ಮೆಟ್ಟುಗತ್ತಿ, ಒಳಗೆ ಕುಸ್ವಾರಿನ, ಅಂದರೆ ಕ್ರಿಸ್‌ಮಸ್ ತಿಂಡಿಗಳ, ಎಣ್ಣೆ ಬಾಣಲೆ. ಅಂಥ ಒಂದು ಸಂಜೆ ಅಮ್ಮನ ಓಲೆಯ ತಿರುಪು ಕಳೆದುಹೋಯಿತು.

ಕಾಳುಮೆಣಸಿನಷ್ಟು ಚಿನ್ನ. ಸಾಲದ್ದಕ್ಕೆ ಕರೆಂಟೂ ಹೋಯಿತು. ಟಾರ್ಚು ಹಿಡಿದು ಅಡುಗೆಮನೆ ಗುಡಿಸಿದೆವು, ಹಾಸಿಗೆ ಕೊಡವಿದೆವು. ಅಮ್ಮ ಪಾದುವಾದ ಸಂತ ಅಂತೋನಿಗೆ ಮೊರೆಯಿಟ್ಟಳು. ಕಳೆದದ್ದನ್ನು ಹುಡುಕಿಕೊಡುವ ಖಾತೆ ಅವರದು. ಸುಲಿಯಲು ಬಂದಿದ್ದ ಮೇಲಿನ ಮನೆ ಅಕ್ಕ, "ಬಾಯಮ್ಮ, ನೀವು ಅಂತೋನಿಯವರಿಗೆ ಇನ್ನೊಂದ್ಸಲ ಹೇಳಿ, ಅಷ್ಟರಲ್ಲಿ ನಾನು ಸಿಪ್ಪೆ ಜಾಲಾಡ್ತೀನಿ" ಅಂದರು.

ಸಿಕ್ಕಿದ್ದು ಸಿಪ್ಪೆಯಲ್ಲಲ್ಲ. ಕಲ್‌ಕಲ್ ಎಂಬ ಕರಿದ ತಿಂಡಿಗೆಂದೇ ಎತ್ತಿಟ್ಟ ಬಾಚಣಿಗೆ ಮೇಲೆ ಅಮ್ಮ ಹಿಟ್ಟಿನ ಗುಂಡು ಒತ್ತಿ ಸುರುಳಿ ಎಳೆದಾಗ, ಗೆರೆಗಳ ನಡುವೆ ಏನೋ ಮಿಣುಕಿತು.

ಆಮೇಲೆ ಅಮ್ಮನನ್ನು ಹಿಡಿಯುವವರಿಲ್ಲ. ಹಬ್ಬದವರೆಗೆ ನಮಗೆ ಮುಟ್ಟಲೂ ಬಿಡದ ಡಬ್ಬಿ ತೆರೆದು ನಾಲ್ಕು ಮನೆಗೆ ತಟ್ಟೆ ಕಳಿಸಿದಳು. "ತಿರುಪಿಗಿಂತ ಎಣ್ಣೆ ಖರ್ಚೇ ಜಾಸ್ತಿ ಆಯ್ತು" ಎಂದು ಅಪ್ಪ ಜಗಲಿಯಲ್ಲಿ ಮುಖ ಊದಿಸಿಕೊಂಡು ಕೂತರು.

ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲೂ ಹೀಗೇ ಒಬ್ಬಳಿದ್ದಾಳೆ. ಹತ್ತು ಬೆಳ್ಳಿ ನಾಣ್ಯದಲ್ಲಿ ಒಂದು ಕಳೆದು, ದೀಪ ಹಚ್ಚಿ, ಮನೆ ಗುಡಿಸಿ ಹುಡುಕುತ್ತಾಳೆ. ಸಿಕ್ಕಿದ್ದೇ ತಡ, ಗೆಳತಿಯರನ್ನೂ ನೆರೆಯವರನ್ನೂ ಕರೆಯುತ್ತಾಳೆ. ಆ ನಾಣ್ಯ ಸುಮಾರು ಒಂದು ದಿನದ ಕೂಲಿ. ಬಂದವರಿಗೆ ಏನು ಕೊಟ್ಟಳೆಂದು ಯೇಸು ಹೇಳಲಿಲ್ಲ. ಸಿಕ್ಕ ನಾಣ್ಯ ಅಲ್ಲೇ ಖರ್ಚಾಯಿತೆಂದು ನನ್ನ ಗುಮಾನಿ. ಒಬ್ಬ ಪಾಪಿ ತಿರುಗಿ ಬಂದರೆ ಸ್ವರ್ಗದಲ್ಲಿ ಆಗುವ ಸಂತೋಷ ಇಂಥದ್ದು ಎಂದು ಪಾದ್ರಿಗಳು ಬಿಡಿಸಿ ಹೇಳುವಾಗಲೂ ನನ್ನ ಮನಸ್ಸು ಆ ಹೆಂಗಸಿನ ಅಂಗಳ ಬಿಟ್ಟು ಏಳುವುದಿಲ್ಲ.

ಅದೇ ಅಧ್ಯಾಯದ ಕೊನೆಗೆ, ಕಳೆದುಹೋಗಿದ್ದ ತಮ್ಮ ಬಂದನೆಂದು ಮನೆಯಲ್ಲಿ ಔತಣ ನಡೆದಾಗ, ಲೆಕ್ಕ ಹಾಕುತ್ತಾ ಹೊರಗೇ ನಿಂತ ಅಣ್ಣನೊಬ್ಬನಿದ್ದಾನೆ. ತಂದೆ ಬಂದು ಕರೆಯುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ, ಲೂಕ ಬರೆದಿಲ್ಲ.

ನಮ್ಮಪ್ಪ ಬಂದರು. ಮೇಲಿನ ಮನೆಯ ತಟ್ಟೆ ವಾಪಸಾದಾಗ ಅದರಲ್ಲಿ ಬಿಸಿ ಕೋಡುಬಳೆ ಇತ್ತು. ಮೊದಲು ಕೈಹಾಕಿದ್ದು ಅವರೇ.