ಸ್ಟೇಷನ್ ಸ್ಟ್ಯಾಂಡಿಗೆ ಮೊದಲು ಸಾಕೆಟ್ ಹಾಕಿಸಿ

ತುಮಕೂರಿಗೆ ಎಲೆಕ್ಟ್ರಿಕ್ ಗಾಡಿಗಳ ಫಾಸ್ಟ್ ಚಾರ್ಜರ್ ಇನ್ನೂ ಬೇಕು ಅಂತ ನಮ್ಮೂರಿನ ಗ್ರೂಪುಗಳಲ್ಲಿ ದಿನಾ ಯಾರಾದರೂ ಬರೆಯುತ್ತಾರೆ. ಹೈವೇಯಲ್ಲಿ ಬೇಕು, ಒಪ್ಪುತ್ತೇನೆ. ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಹೊರಟವರು ಊಟಕ್ಕೆ ನಿಲ್ಲಿಸಿದಾಗಲೇ ಚಾರ್ಜ್ ಆಗಬೇಕು. ಊರೊಳಗೆ ಮಾತ್ರ ಇಷ್ಟು ಅವಸರ ಯಾರಿಗಿದೆ? ರೈಲ್ವೆ ಸ್ಟೇಷನ್ ಸ್ಟ್ಯಾಂಡಿನ ಥರ ಹಗಲೆಲ್ಲಾ ಗಾಡಿ ಸುಮ್ಮನೆ ನಿಂತಿರುವ ಕಡೆ ಸಾದಾ 15 ಆಂಪಿಯರ್ ಸಾಕೆಟ್ ಕೊಡಿ, ಸಾಕು.

ಯಾಕೆ ಅಂತ ಹೇಳಬೇಕಾದರೆ ಟಿಸಿಯಿಂದ ಶುರು ಮಾಡಬೇಕು. ಬೀದಿ ಕೊನೆಯಲ್ಲಿ ಕಂಬದ ಮೇಲೆ ಕೂತಿರುತ್ತದಲ್ಲ, ಆ ಟ್ರಾನ್ಸ್‌ಫಾರ್ಮರ್. 100 ಕೆವಿಎ (ಹೆಚ್ಚೆಂದರೆ 100 ಕಿಲೋವ್ಯಾಟ್ ಕೊಡುವ) ಟಿಸಿ ಇರುವ ಬೀದಿಯಲ್ಲಿ ಒಂದು 60 ಕಿಲೋವ್ಯಾಟ್ ಫಾಸ್ಟ್ ಚಾರ್ಜರ್ ಪೂರ್ತಿ ಓಡಿದರೆ ಅರ್ಧಕ್ಕಿಂತ ಜಾಸ್ತಿ ಒಂದೇ ಕಾರಿಗೆ ಹೋಗುತ್ತದೆ. ಐದು ಎಚ್‌ಪಿ ಪಂಪ್‌ಸೆಟ್ ಅಂದರೆ ಸುಮಾರು 3.7 ಕಿಲೋವ್ಯಾಟ್. ಹಾಗಾದರೆ 16 ಬೋರ್‌ವೆಲ್ ಮೋಟಾರ್ ಒಂದೇ ಸಲ ಆನ್ ಮಾಡಿದಷ್ಟು ಲೋಡು. ಬೇಸಿಗೆಯಲ್ಲಿ ಟಿಸಿ ಸುಟ್ಟರೆ ಏನು ಪಾಡು ಅಂತ ಶಿರಾ, ಮಧುಗಿರಿ ಕಡೆ ತೋಟ ಇರುವವರನ್ನು ಕೇಳಿ.

ಹಾಗಾಗಿ ಅಂಥ ಚಾರ್ಜರ್ ಹಾಕುವವರು ಎಷ್ಟೋ ಕಡೆ 11 ಕೆವಿ ಲೈನ್ ಎಳೆಸಿ, ಬೇರೆ ಟಿಸಿ ಕೂರಿಸಿಕೊಳ್ಳಬೇಕಾಗುತ್ತದೆ. ನಮ್ಮ ಚಿಕ್ಕಪ್ಪನ ಮಗ ಶಿರಾ ರಸ್ತೆಯ ತನ್ನ ಹೋಟೆಲ್ ಮುಂದೆ ಒಂದು ಹಾಕೋಣ ಅಂತ ಹೊರಟಿದ್ದ. ಎಸ್ಟಿಮೇಟಿನಲ್ಲಿ ಚಾರ್ಜರ್ ಜೊತೆ ಟಿಸಿ, ಕಂಬ, ಕೇಬಲ್ ಎಲ್ಲಾ ಸೇರಿದ್ದು ನೋಡಿ "ನಂಗೆ ಇಡ್ಲಿ ಸಾಂಬಾರೇ ವಾಸಿ ಕಣಣ್ಣ" ಅಂದ. ಹೊಸ ಕನೆಕ್ಷನ್ ಪಟ್ಟಣದಲ್ಲಿ 7 ದಿನ, ಹಳ್ಳಿಯಲ್ಲಿ 15 ದಿನದೊಳಗೆ ಕೊಡಬೇಕು ಅಂತ ಕೇಂದ್ರದ ನಿಯಮ ಇದೆ. ಆದರೆ ಹೊಸ ಲೈನು, ಹೊಸ ಟಿಸಿ ಬೇಕಾದ ಕಡೆ ಆ ಗಡುವು ಹಿಡಿಯುವುದಿಲ್ಲ. ಫಾಸ್ಟ್ ಚಾರ್ಜರ್ ಕೆಲಸ ನಿಧಾನವಾಗುವುದು ಇಲ್ಲೇ.

ಲೋಡಿನಷ್ಟೇ ಮುಖ್ಯ ಹೊತ್ತು. ನಮ್ಮ ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಅಲ್ಲಿನ ಕರೆಂಟ್ ನೇರ ನಮ್ಮನೆಗೆ ಬರುವುದಿಲ್ಲ. ಗ್ರಿಡ್ ಸೇರಿದ ಮೇಲೆ ಅದಕ್ಕೆ ಊರಿನ ಹೆಸರಿರುವುದಿಲ್ಲ. ಆದರೆ ಮಧ್ಯಾಹ್ನ ಧಾರಾಳವಾಗಿ ಬರುವ ಸೋಲಾರ್ ಕರೆಂಟ್ ಹೊತ್ತು ಮುಳುಗಿದರೆ ಸೊನ್ನೆ. ನಾವು ಮನೆಗೆ ಬಂದು ಲೈಟು, ಟಿವಿ, ಮಿಕ್ಸಿ ಹಾಕುವುದೂ ಆಗಲೇ, ಸ್ಕೂಟರ್ ಪ್ಲಗ್ ಚುಚ್ಚುವುದೂ ಆಗಲೇ. ಆ ಹೊತ್ತಿನ ಭಾರ ಬೀಳುವುದು ಶರಾವತಿ ನೀರಿನ ಮೇಲೆ, ರಾಯಚೂರಿನ ಕಲ್ಲಿದ್ದಲಿನ ಮೇಲೆ. ಮಧ್ಯಾಹ್ನ ಬಿಟ್ಟುಕೊಟ್ಟು ರಾತ್ರಿ ಹುಡುಕುತ್ತೇವೆ.

ಸರ್ಕಾರಕ್ಕೆ ಇದು ಗೊತ್ತಿಲ್ಲ ಅಂತಲ್ಲ. ಚಾರ್ಜಿಂಗ್ ಬಗ್ಗೆ ಕೇಂದ್ರದ 2024ರ ಮಾರ್ಗಸೂಚಿಯಲ್ಲಿ ಬೆಳಗ್ಗೆ 9ರಿಂದ ಸಂಜೆ 4ರವರೆಗೆ ಕರೆಂಟಿನ ದರ ಪೂರೈಕೆಯ ಸರಾಸರಿ ವೆಚ್ಚದ 0.7 ಪಟ್ಟು, ಉಳಿದ ಹೊತ್ತು 1.3 ಪಟ್ಟು ಇರಲಿ ಅಂತ ಇದೆ. ಹೆಚ್ಚುಕಡಿಮೆ ಅರ್ಧಕ್ಕರ್ಧ ವ್ಯತ್ಯಾಸ! ಆದರೆ ಇದು ಚಾರ್ಜಿಂಗ್ ಸ್ಟೇಷನ್‌ಗಳ ಮಾತು. ಮನೆಯಲ್ಲಿ ಗೃಹಜ್ಯೋತಿ ಇರುವವರಿಗೆ ಮಿತಿಯೊಳಗಿನ ಬಿಲ್ಲು ಸೊನ್ನೆ. ರಾತ್ರಿ ಎಂಟಕ್ಕೆ ಚುಚ್ಚಿದರೂ ಸೊನ್ನೆ, ಮಧ್ಯಾಹ್ನ ಚುಚ್ಚಿದರೂ ಸೊನ್ನೆ. ಯಾರು ಹೊತ್ತು ನೋಡುತ್ತಾರೆ ಹೇಳಿ? (ನಾನೂ ನೋಡುವುದಿಲ್ಲ.) ಹೊತ್ತು ನೋಡೋಣ ಅಂದರೂ, ಹಗಲಲ್ಲಿ ಗಾಡಿ ಮನೆಯಲ್ಲೇ ಇರುವುದಿಲ್ಲ.

ಹಾಗಾದರೆ ಎಲ್ಲಿರುತ್ತದೆ? ನಮ್ಮೂರಿನ ಮಟ್ಟಿಗೆ ಒಂದು ಉತ್ತರ ರೈಲ್ವೆ ಸ್ಟೇಷನ್ ಸ್ಟ್ಯಾಂಡು. ಪಾಸ್ ಮಾಡಿಸಿಕೊಂಡು ದಿನಾ ಬೆಂಗಳೂರಿಗೆ ಹೋಗಿ ಬರುವವರು ಬೆಳಗ್ಗೆ ಅಲ್ಲಿ ಗಾಡಿ ಬಿಟ್ಟರೆ ತೆಗೆಯುವುದು ಸಂಜೆ ಮೇಲೆ. ಸೋಲಾರ್ ಹೊತ್ತು ಪೂರ್ತಿ ಗಾಡಿ ಒಂದೇ ಕಡೆ ನಿಂತಿರುತ್ತದೆ. ಸ್ಕೂಟರಿನ ಮನೆ ಚಾರ್ಜರ್ ಸುಮಾರು 750 ವ್ಯಾಟ್ ಎಳೆಯುತ್ತದೆ. 3 ಯೂನಿಟ್ ಹಿಡಿಯುವ ಬ್ಯಾಟರಿ ನಾಲ್ಕೈದು ಗಂಟೆಯಲ್ಲಿ ಫುಲ್. ಫಾಸ್ಟ್ ಚಾರ್ಜರಿನಲ್ಲಿ ಒಂದು ಕಾರು ನುಂಗುವ 60 ಕಿಲೋವ್ಯಾಟಿನಲ್ಲಿ ಇಲ್ಲಿ ಒಟ್ಟಿಗೆ 80 ಸ್ಕೂಟರ್ ಚಾರ್ಜ್ ಮಾಡಬಹುದು. ಕಾರಾದರೆ, 3.3 ಕಿಲೋವ್ಯಾಟಿನಂತೆ 18. ಟೈಮರ್ ಇಟ್ಟು 9 ಗಂಟೆ ಮೇಲೆ ಸರದಿಯಂತೆ ಬಿಟ್ಟರೆ ಅಷ್ಟು ಲೋಡೂ ಒಟ್ಟಿಗೆ ಬೀಳುವುದಿಲ್ಲ. ವಸಂತನರಸಾಪುರದ ಫ್ಯಾಕ್ಟರಿಗಳು, ಡಿಸಿ ಆಫೀಸು, ಕಾಲೇಜುಗಳಿಗೂ ಇದೇ ಲೆಕ್ಕ.

ಈ ಮಾತು ರೈಲಿನಲ್ಲಿ ಎತ್ತಿದಾಗ ಮೂರು ಪ್ರಶ್ನೆ ಬಂದವು. ಮಳೆ ಬಂದರೆ ಶಾಕ್ ಹೊಡೆಯಲ್ವಾ? ಮೇಲೆ ಶೀಟು, ಸರಿಯಾದ ಅರ್ಥಿಂಗ್, ಪ್ರತಿ ಲೈನಿಗೂ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬೇಕೇ ಬೇಕು. ಇದರಲ್ಲಿ ಕಾಸು ಉಳಿಸುವ ಕಂಟ್ರಾಕ್ಟರ್ ನಮಗೆ ಬೇಡ. ಚಾರ್ಜರ್ ಕದ್ದರೆ? ಬೀಗ ಹಾಕುವ ಪೆಟ್ಟಿಗೆ ಇಡಲಿ, ಹೆಲ್ಮೆಟ್ಟಿಗೆ ದುಡ್ಡು ಇಸಕೊಳ್ಳುವವರಿಗೆ ಇದೇನು ಕಷ್ಟ. ಕರೆಂಟ್ ಮಾರಲು ಲೈಸೆನ್ಸ್ ಬೇಡವಾ? ಬೇಡ. ಗಾಡಿ ಚಾರ್ಜ್ ಮಾಡಿಕೊಡುವುದು ಸೇವೆ, ಅದಕ್ಕೆ ವಿದ್ಯುತ್ ಲೈಸೆನ್ಸ್ ಬೇಕಿಲ್ಲ ಅಂತ ಕೇಂದ್ರ ಇಂಧನ ಇಲಾಖೆ 2018ರಲ್ಲೇ ಹೇಳಿದೆ.

ಮುಂದಿನ ಸಲ ಸ್ಟ್ಯಾಂಡಿನ ಟೆಂಡರ್ ಕರೆಯುವಾಗ ಎರಡು ಷರತ್ತು ಸೇರಿಸಲಿ: ಗಾಡಿ ಚಾರ್ಜಿಂಗಿಗೆ ಬೇರೆ ಮೀಟರ್, ಮತ್ತು ಹಗಲಿನ ಕಡಿಮೆ ದರದ ಲಾಭ ಗಿರಾಕಿಗೂ ಸಿಗಬೇಕು. ಈ ಬಗ್ಗೆ ಅರ್ಜಿ ಬರೆಯುತ್ತಿದ್ದೇನೆ. ಪಾಸ್ ಇರುವವರು, ಸಹಿ ಹಾಕುವವರು ಇನ್‌ಬಾಕ್ಸಿಗೆ ಬನ್ನಿ. ಪೆಟ್ರೋಲ್ ಗಾಡಿಯವರೂ ಬನ್ನಿ, ಬೇಡ ಅನ್ನಲ್ಲ.