ಮತ್ತೆ ಅದೇ ಪಿರಮಿಡ್ಡು

ಎರಡು ದಿನಗಳ ಕಡ್ಡಾಯ ತರಬೇತಿ ನಿನ್ನೆ ಮುಗಿಯಿತು. ವಿಷಯ: ಸಾರ್ವಜನಿಕ ಸಂಸ್ಥೆಗಳಲ್ಲಿ ಆಧುನಿಕ ನಿರ್ವಹಣೆ. ತಲೆನೋವು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ. ಪುರುಸೊತ್ತು ಇಲ್ಲದವರು ಈಗಲೇ ಮುಂದಕ್ಕೆ ಸರಿಸಿಬಿಡಿ, ನನಗೇನೂ ಬೇಸರವಿಲ್ಲ.

ಮೊದಲ ಗಂಟೆಯಲ್ಲೇ ಪರದೆಯ ಮೇಲೆ ಅದು ಪ್ರತ್ಯಕ್ಷವಾಯಿತು. ಐದು ಬಣ್ಣ, ಐದು ಪಟ್ಟಿ, ಬುಡದಲ್ಲಿ ಹಸಿವು, ತುದಿಯಲ್ಲಿ ಆತ್ಮಸಾಕ್ಷಾತ್ಕಾರ. ಮ್ಯಾಸ್ಲೋ ಪಿರಮಿಡ್, ಅಂದರೆ ಮನಶ್ಶಾಸ್ತ್ರಜ್ಞ ಮ್ಯಾಸ್ಲೋ ಹೆಸರಿನಲ್ಲಿ ಮನುಷ್ಯನ ಅಗತ್ಯಗಳನ್ನು ಒಂದರ ಮೇಲೊಂದು ಜೋಡಿಸಿಟ್ಟ ಚಿತ್ರ. ನನ್ನ ನೌಕರಿಯಲ್ಲಿ ಇದು ಏಳನೆಯ ದರ್ಶನ. ದೇವರೇ ಇಷ್ಟು ಸಲ ಕಾಣಿಸಿಕೊಂಡಿದ್ದರೆ ಇಷ್ಟರಲ್ಲಿ ಮೋಕ್ಷವಾಗಿರುತ್ತಿತ್ತು.

ತರಬೇತುದಾರರು ಒಳ್ಳೆಯ ಮನುಷ್ಯ, ಮಾತು ಬಲ್ಲವರು. ಕೆಳಗಿನ ಪಟ್ಟಿ ತುಂಬದೆ ಮೇಲಿನದಕ್ಕೆ ಕೈ ಹಾಕಬಾರದು ಎಂದು ವಿವರಿಸುತ್ತಿದ್ದರು. ನಾನು ಕೈ ಎತ್ತಿದೆ. (ಎತ್ತದೆ ಇರುತ್ತೇನೆಯೇ? ಪಿಎಚ್‌ಡಿಯನ್ನು ಅರ್ಧಕ್ಕೆ ಬಿಟ್ಟವರ ಕೈ ತಾನಾಗಿಯೇ ಮೇಲೇಳುತ್ತದೆ.)

"ಸರ್, 1943ರಲ್ಲಿ ಮ್ಯಾಸ್ಲೋ ಬರೆದ ಲೇಖನದಲ್ಲಿ ಪಿರಮಿಡ್ಡೇ ಇಲ್ಲವಲ್ಲ? ಈ ಕ್ರಮ ಅಷ್ಟೇನೂ ಬಿಗಿಯಾದುದಲ್ಲ ಎಂದು ಅವರೇ ಹೇಳಿದ್ದಾರೆ. ಆ ಚಿತ್ರವನ್ನು 1960ರಲ್ಲಿ ಬರೆದವರು ಒಬ್ಬ ನಿರ್ವಹಣಾ ಸಲಹೆಗಾರರು."

"ಮೇಡಂ ಬಹಳ ಓದಿಕೊಂಡಿದ್ದಾರೆ" ಎಂದು ಅವರು ನಕ್ಕರು. ಸಭೆಯೂ ನಕ್ಕಿತು. ಮುಂದಿನ ಸ್ಲೈಡ್.

ಮುಂದಿನ ಸ್ಲೈಡ್ ಹಾಥಾರ್ನ್. ಶಿಕಾಗೋ ಬಳಿಯ ಟೆಲಿಫೋನ್ ಉಪಕರಣಗಳ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಗಳು. ದೀಪ ಹೆಚ್ಚಿಸಿದರೂ ಉತ್ಪಾದನೆ ಏರಿತಂತೆ, ತಗ್ಗಿಸಿದರೂ ಏರಿತಂತೆ. ನೀತಿ: ನೌಕರರ ಕಡೆ ಗಮನ ಕೊಡಿ, ಸಾಕು. ಸಂಬಳದ ಮಾತು ಬೇಕಿಲ್ಲ! ಮೇಲಧಿಕಾರಿಗಳ ಮುಖ ಅರಳುವುದು ಇಂಥ ಕಡೆಯೇ.

ಆ ಸ್ಲೈಡಿನಲ್ಲಿ ಇಲ್ಲದ್ದು ಏನು ಗೊತ್ತೇ? ಅದೇ ಕಾರ್ಖಾನೆಯ ಪ್ರಸಿದ್ಧ ಪರೀಕ್ಷಾ ಕೊಠಡಿಯಲ್ಲಿ ರಿಲೇ ಎಂಬ ಟೆಲಿಫೋನ್ ಬಿಡಿಭಾಗ ಜೋಡಿಸುತ್ತಿದ್ದವರು ಐದು ಮಂದಿ ಹುಡುಗಿಯರು. ಮಾತು ಜಾಸ್ತಿ, ಸಹಕಾರ ಕಡಿಮೆ ಎಂದು ಅವರಲ್ಲಿ ಇಬ್ಬರನ್ನು 1928ರ ಜನವರಿಯಲ್ಲಿ ಹೊರಗೆ ಕಳುಹಿಸಿ, ಕೈಚುರುಕಾದ ಬೇರೆ ಇಬ್ಬರನ್ನು ತಂದು ಕೂರಿಸಿದರು. ಕೂಲಿ ಲೆಕ್ಕ ಹಾಕುವ ರೀತಿಯನ್ನೂ ಬದಲಿಸಿದ್ದರು. ಮೊದಲು ಇಡೀ ವಿಭಾಗದ ದುಡಿಮೆಗೆ ಸೇರಿ ಸಿಗುತ್ತಿದ್ದ ಹೆಚ್ಚುವರಿ, ಆಮೇಲೆ ಆ ಐವರ ದುಡಿಮೆಗೇ ಅಂಟಿಕೊಂಡಿತು. ಅಂದರೆ ನಿಧಾನದವರನ್ನು ತೆಗೆದು, ಚುರುಕಿನವರನ್ನು ತಂದು, ದುಡಿದಷ್ಟೂ ಕಾಸು ಎಂದು ಹೇಳಿ, ಕೊನೆಗೆ "ನೋಡಿ, ಅಕ್ಕರೆಯ ಫಲ" ಎಂದು ಸಾರಿದರು. ದೀಪದ ಪ್ರಯೋಗದ ಮೂಲ ಅಂಕಿಅಂಶಗಳನ್ನು ದಶಕಗಳ ನಂತರ ಇಬ್ಬರು ಅರ್ಥಶಾಸ್ತ್ರಜ್ಞರು ಹುಡುಕಿ ತೆಗೆದು ಮತ್ತೆ ಲೆಕ್ಕ ಹಾಕಿದಾಗ, ಆ ಸೊಗಸಾದ ಕತೆಗೆ ಅಲ್ಲಿ ಹೇಳಿಕೊಳ್ಳುವಂಥ ಆಧಾರವೇ ಸಿಗಲಿಲ್ಲ. ಹಾಗೆಂದು ಸ್ಲೈಡ್ ಬದಲಾಗುತ್ತದೆಯೇ?

ನನ್ನ ಸಂಕಟ ಇಷ್ಟೇ. ಸಂಸ್ಥೆಗಳ ಬಗ್ಗೆ ಸಮಾಜ ವಿಜ್ಞಾನಿಗಳು ನೂರು ವರ್ಷಗಳಿಂದ ಬೆವರು ಸುರಿಸಿ ಕಂಡುಕೊಂಡದ್ದರಲ್ಲಿ ಚಿತ್ರಕ್ಕೆ ಒಗ್ಗುವುದು ಮಾತ್ರ ನಮ್ಮವರೆಗೆ ಬರುತ್ತದೆ. ಒಗ್ಗದೇ ಇರುವುದು, ಅದರಲ್ಲೂ ಮೇಲೆ ಕುಳಿತವರಿಗೆ ಇರುಸುಮುರುಸು ತರುವಂಥದ್ದು, ದಾರಿಯಲ್ಲೇ ಎಲ್ಲೋ ಉದುರಿಹೋಗುತ್ತದೆ. ಉದುರಿದ್ದಕ್ಕೆ ಬೆಲೆ ತೆರುವವರು ಯಾರು? ಕೌಂಟರಿನ ಆಚೆ ನಿಂತವರು. ಇದನ್ನು ಊಹಿಸಿ ಹೇಳುತ್ತಿಲ್ಲ.

ಹನ್ನೊಂದು ವರ್ಷ ಕೌಂಟರಿನಲ್ಲಿ ಕುಳಿತವಳು ನಾನು, ಹಳೆಯ ಸ್ನೇಹಿತರಿಗೆ ಗೊತ್ತು. ಗೊತ್ತಿಲ್ಲದ್ದನ್ನು ಈಗ ಹೇಳುತ್ತೇನೆ. ಪ್ರತಿ ತಿಂಗಳ ಕೊನೆಗೆ ವಿಲೇವಾರಿ ಪಟ್ಟಿ ಕೊಡಬೇಕಿತ್ತು. ಅರ್ಜಿ ಮಂಜೂರಾದರೂ ವಿಲೇವಾರಿ, ತಿರಸ್ಕೃತವಾದರೂ ವಿಲೇವಾರಿ, ಶರಾ ಬರೆದು ಹಿಂದಿರುಗಿಸಿದರೂ ವಿಲೇವಾರಿ. ಮೂರಕ್ಕೂ ಒಂದೇ ಕಾಲಂ. ಮಂಜೂರು ಮಾಡಲು ಎರಡು ಗಂಟೆ ಬೇಕು, ಶರಾ ಬರೆಯಲು ಎರಡು ನಿಮಿಷ. ಇಪ್ಪತ್ತೈದನೆಯ ತಾರೀಖು ದಾಟಿದ ಮೇಲೆ ನಾನು ಯಾವುದನ್ನು ಮಾಡುತ್ತಿದ್ದೆ ಎಂದು ಬಿಡಿಸಿ ಹೇಳಬೇಕೇ? "ಲಗತ್ತು ಅಸ್ಪಷ್ಟ." "ಹೆಸರಿನ ಕಾಗುಣಿತದಲ್ಲಿ ವ್ಯತ್ಯಾಸ." "ಸಹಿ ತಾಳೆಯಾಗುವುದಿಲ್ಲ."

ಆ ಕೊನೆಯ ಶರಾ ಬರೆಸಿಕೊಂಡವರಲ್ಲಿ ಒಬ್ಬ ವಯಸ್ಸಾದ ಹೆಂಗಸು ಇದ್ದರು. ಮೊದಲ ಸಲ ಏನೂ ಹೇಳದೆ ಹೋದರು. ಎರಡನೆಯ ಸಲ ಕಾಗದವನ್ನು ಮೇಜಿನ ಮೇಲೆ ಒತ್ತಿ ಹಿಡಿದು ನನ್ನೆದುರೇ ಸಹಿ ಮಾಡಿದರು. ಅಕ್ಷರಗಳು ಗೆರೆ ಬಿಟ್ಟು ಇಳಿಜಾರಿಗೆ ಜಾರಿದವು. "ಕೈ ನಡುಗುತ್ತದೆ ಮಗಳೇ, ಆ ಹಳೇ ಸಹಿ ಮಾಡಿದ ಕೈ ಇದಲ್ಲ" ಎಂದರು. ನಾನು ಶರಾ ಬರೆದೆ. ಮೂರನೆಯ ಸಲವೂ ಬರೆದೆ. ನಾಲ್ಕು ತಿಂಗಳಲ್ಲಿ ಆಕೆ ಒಬ್ಬರೇ ನನ್ನ ಪಟ್ಟಿಯಲ್ಲಿ ಮೂರು ವಿಲೇವಾರಿ. ಆ ವರ್ಷ ವಿಭಾಗದಲ್ಲಿ ಹೆಚ್ಚು ಅರ್ಜಿ ವಿಲೇವಾರಿ ಮಾಡಿದ್ದಕ್ಕೆ ನನಗೆ ಪ್ರಶಂಸಾಪತ್ರ ಸಿಕ್ಕಿತು. ಎಲ್ಲಿಟ್ಟಿದ್ದೇನೆ ಎಂದು ಕೇಳಬೇಡಿ.

ಹೊಟ್ಟೆ ಉರಿಯುವುದು ಎಲ್ಲಿ ಎಂದರೆ, ಇದೆಲ್ಲ ನಾನು ಹುಟ್ಟುವ ಮೊದಲೇ ಬರೆದಿಟ್ಟ ವಿಷಯ. 1955ರಲ್ಲಿ ಪೀಟರ್ ಬ್ಲಾ ಎಂಬ ಸಮಾಜಶಾಸ್ತ್ರಜ್ಞ ಅಮೆರಿಕದ ಒಂದು ಉದ್ಯೋಗ ವಿನಿಮಯ ಕಚೇರಿಯ ಅಧ್ಯಯನ ಪ್ರಕಟಿಸಿದ. ಅಲ್ಲಿ ಮೊದಲು ಎಷ್ಟು ಸಂದರ್ಶನ ನಡೆಸಿದಿರಿ ಎಂಬುದನ್ನಷ್ಟೇ ಎಣಿಸುತ್ತಿದ್ದರು. ಗುಮಾಸ್ತರು ಲಗುಬಗೆಯಿಂದ ಸಂದರ್ಶನ ಮುಗಿಸಿ ಕಳುಹಿಸುತ್ತಿದ್ದರು, ಕೆಲಸ ಸಿಕ್ಕಿತೋ ಇಲ್ಲವೋ ಯಾರಿಗೆ ಬೇಕು. ಸರಿ, ಎಷ್ಟು ಜನರಿಗೆ ಕೆಲಸ ಕೊಡಿಸಿದಿರಿ ಎಂದು ಎಣಿಸಲು ಶುರುಮಾಡಿದರು. ಆಗ ಖಾಲಿ ಹುದ್ದೆಯ ಚೀಟಿಗಳನ್ನು ಒಬ್ಬರಿಗೊಬ್ಬರು ಕಾಣದಂತೆ ಬಚ್ಚಿಡತೊಡಗಿದರು! ಪಕ್ಕದ ಮೇಜಿನ ಮುಂದೆ ಆ ಕೆಲಸಕ್ಕೆ ಸರಿಯಾದ ಮನುಷ್ಯ ಕುಳಿತಿದ್ದರೂ ಚೀಟಿ ಹೊರಬರುತ್ತಿರಲಿಲ್ಲ. ಇಷ್ಟು ಪೈಪೋಟಿ ಇಲ್ಲದೆ ಚೀಟಿ ಹಂಚಿಕೊಂಡ ಗುಂಪೇ ಒಟ್ಟಾರೆ ಹೆಚ್ಚು ಜನರಿಗೆ ಕೆಲಸ ಕೊಡಿಸಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪಿಎಚ್‌ಡಿ ಮಾಡಿಯೇ ತೀರುತ್ತೇನೆ ಎಂದು ಹೊರಟಿದ್ದೂ ಅದರಿಂದಲೇ. (ಬಿಟ್ಟಿದ್ದು ಏಕೆ ಎಂಬುದು ಇನ್ನೊಂದು ದಿನ.)

ಅದೊಂದೇ ಅಲ್ಲ. ಅಳತೆಗೋಲಿಗೆ ಹೆಚ್ಚು ಮಹತ್ವ ಕೊಟ್ಟಷ್ಟೂ ಅದು ಭ್ರಷ್ಟವಾಗುತ್ತದೆ, ಅಳೆಯಬೇಕಾದ ಕೆಲಸವನ್ನೂ ಕೆಡಿಸುತ್ತದೆ ಎಂದು ಮನಶ್ಶಾಸ್ತ್ರಜ್ಞ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲೇ ಎಚ್ಚರಿಸಿದ್ದರು. ಅಮೆರಿಕದ ಅಟ್ಲಾಂಟಾದ ಶಾಲೆಗಳಲ್ಲಿ ಪರೀಕ್ಷೆಯ ಅಂಕ ಏರಿಸಲು ಶಿಕ್ಷಕರೇ ಮಕ್ಕಳ ತಪ್ಪು ಉತ್ತರ ಅಳಿಸಿ ತಿದ್ದಿದ್ದನ್ನು 2011ರ ತನಿಖಾ ವರದಿ ಬಯಲಿಗೆಳೆಯಿತು, 178 ಮಂದಿಯನ್ನು ಹೆಸರಿಸಿತು. ಇದರಲ್ಲಿ ಯಾವುದಕ್ಕೂ ಸ್ಲೈಡ್ ಇರಲಿಲ್ಲ. ಬದಲಿಗೆ ಎರಡನೆಯ ದಿನ ಮಧ್ಯಾಹ್ನ ನಮ್ಮಿಂದ 'ಅಳೆಯಬಹುದಾದ ಐದು ಗುರಿಗಳು' ಬರೆಸಿದರು.

ಪಕ್ಕದಲ್ಲಿ ಕುಳಿತಿದ್ದ ಸಹೋದ್ಯೋಗಿ ಪಿಸುಗುಟ್ಟಿದರು: "ಅಳತೆಯೇ ಬೇಡ ಎಂದರೆ ಸೋಮಾರಿಗಳಿಗೆ ಹಬ್ಬವಲ್ಲವೇ ಅಕ್ಕ?" ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಇಂಗ್ಲೆಂಡಿನಲ್ಲಿ ತುರ್ತು ಚಿಕಿತ್ಸೆಗೆ ಬಂದವರನ್ನು ನಾಲ್ಕು ಗಂಟೆಯೊಳಗೆ ನೋಡಿ ಮುಗಿಸಬೇಕು ಎಂಬ ಗುರಿ ಬಂದಾಗ, ವರದಿಗಳ ಪ್ರಕಾರ ಕಾಯುವ ಹೊತ್ತು ನಿಜಕ್ಕೂ ಇಳಿಯಿತು. ಜೊತೆಗೆ ಗಡಿಯಾರ ಶುರುವಾಗದಿರಲಿ ಎಂದು ರೋಗಿಗಳನ್ನು ಬಾಗಿಲಾಚೆ ಆಂಬುಲೆನ್ಸಿನಲ್ಲೇ ಮಲಗಿಸಿಟ್ಟ ದೂರುಗಳೂ ಬಂದವು. ಅಳತೆ ಬೇಡ ಎಂದು ನಾನು ಎಲ್ಲಿ ಹೇಳಿದೆ? ಅಳೆಯುವವರು ಒಮ್ಮೆ ಆ ಆಂಬುಲೆನ್ಸಿನೊಳಗೆ ಇಣುಕಲಿ ಎಂದೆ. ಅಷ್ಟಕ್ಕೂ ಸೋಮಾರಿಗಳ ಚಿಂತೆ ಮಾಡಬೇಡಿ. ಪಟ್ಟಿ ತುಂಬಿಸುವುದರಲ್ಲಿ ಅವರಷ್ಟು ನಿಪುಣರು ಬೇರೆ ಇಲ್ಲ.

ತರಬೇತುದಾರರನ್ನಷ್ಟೇ ಬೈದರೆ ಅನ್ಯಾಯ. ಸಂಶೋಧಕರೂ ಕಡಿಮೆಯಿಲ್ಲ. ಓದುವವರ ಮೇಲೆ ಯಾವ ಜನ್ಮದ ದ್ವೇಷವೋ, ಒಂದು ವಾಕ್ಯದಲ್ಲಿ ಮೂರು 'ಪರಿಪ್ರೇಕ್ಷ್ಯ', ಎರಡು 'ಚೌಕಟ್ಟು'. ಅದಾದರೂ ಕೈಗೆ ಸಿಗುತ್ತದೆಯೇ ಎಂದರೆ, ಲೇಖನದ ಬಾಗಿಲಿಗೇ ಬೀಗ, ಹಣ ಕಟ್ಟಿ ಒಳಗೆ ಬನ್ನಿ. ಎಲ್ಲರೂ ಹಾಗಲ್ಲ, ಒಪ್ಪುತ್ತೇನೆ. ಅಮೆರಿಕದ ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಮ್ 1970ರ ಸುಮಾರಿಗೆ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಇಂಡಿಯಾನಾಪೊಲಿಸ್ಸಿನ ಬಡಾವಣೆಗಳಿಗೆ ಹೋಗಿ, ನಿಮ್ಮ ಪೊಲೀಸರು ಹೇಗೆ ಕೆಲಸ ಮಾಡುತ್ತಾರೆ ಎಂದು ಅಲ್ಲಿ ವಾಸಿಸುವವರನ್ನೇ ಕೇಳಿದರು. ದೊಡ್ಡ ಇಲಾಖೆಯೇ ದಕ್ಷ, ಸಣ್ಣವನ್ನೆಲ್ಲ ವಿಲೀನ ಮಾಡಿ ಎಂದು ತಜ್ಞರು ಹೇಳುತ್ತಿದ್ದ ಕಾಲ. ಆಸ್ಟ್ರಮ್ ನೋಡಿದ ಸಣ್ಣ ಸಣ್ಣ ಪೊಲೀಸ್ ಇಲಾಖೆಗಳು ದೊಡ್ಡದಕ್ಕಿಂತ ಮೇಲಾಗಿದ್ದವು. 2009ರಲ್ಲಿ ಆಕೆಗೆ ನೊಬೆಲ್ ಬಂದಾಗ ನಾನು ಕಚೇರಿಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಯಾರಿವರು ನಿಮ್ಮ ನೆಂಟರೇ ಎಂದು ಒಬ್ಬರು ಕೇಳಿದರು.

ಆಡಳಿತವನ್ನು ಅಧ್ಯಯನ ಮಾಡಿದ ಹರ್ಬರ್ಟ್ ಸೈಮನ್ 1946ರಲ್ಲಿ ಒಂದು ಮಾತು ಹೇಳಿದ್ದರು: ಆಡಳಿತದ ತತ್ತ್ವಗಳೆಲ್ಲ ಗಾದೆಗಳಿದ್ದಂತೆ, ಹೆಚ್ಚುಕಡಿಮೆ ಪ್ರತಿಯೊಂದಕ್ಕೂ ಎದುರಾಡುವ ಇನ್ನೊಂದು ಇರುತ್ತದೆ. ತಾಳಿದವನು ಬಾಳಿಯಾನು ಎಂದೂ ಹೇಳಬಹುದು, ಆಲಸ್ಯಂ ಅಮೃತಂ ವಿಷಂ ಎಂದೂ ಹೇಳಬಹುದು. ನಿನ್ನೆ ಒಂದೇ ಸ್ಲೈಡಿನಲ್ಲಿ 'ಒಬ್ಬ ಅಧಿಕಾರಿಯ ಕೈಕೆಳಗೆ ಕಡಿಮೆ ಜನರಿರಲಿ' ಮತ್ತು 'ಹಂತಗಳು ಕಡಿಮೆಯಿರಲಿ' ಎರಡೂ ಇದ್ದವು. ಜನ ಅಷ್ಟೇ ಇರುವಾಗ ಎರಡೂ ಹೇಗೆ ಸಾಧ್ಯ ಎಂದು ಕೇಳಲು ಕೈ ಎತ್ತಬೇಕೆಂದುಕೊಂಡೆ. ಎತ್ತಲಿಲ್ಲ. ಎರಡು ದಿನಕ್ಕೆ ಒಂದು ಕೈ ಸಾಕು.

ಕೊನೆಗೆ ಅಭಿಪ್ರಾಯ ಪತ್ರ ಬಂತು. ಹತ್ತು ಪ್ರಶ್ನೆ, ಒಂದರಿಂದ ಐದರವರೆಗೆ ಅಂಕ. ಇದನ್ನು ತುಂಬಿ ಕೊಟ್ಟವರಿಗಷ್ಟೇ ಪ್ರಮಾಣಪತ್ರ, ಪ್ರಮಾಣಪತ್ರ ಇಲ್ಲದಿದ್ದರೆ ಹಾಜರಾತಿ ಇಲ್ಲ. ತರಬೇತುದಾರರು ನನ್ನ ಬಳಿಗೇ ಬಂದು ತಗ್ಗಿದ ದನಿಯಲ್ಲಿ, "ಮೇಡಂ, ಮುಂದಿನ ತರಬೇತಿ ನನಗೆ ಸಿಗುವುದು ಈ ಅಂಕಗಳ ಮೇಲೆಯೇ" ಎಂದರು. ಅವರ ಕಣ್ಣು ನೋಡಿದೆ. ಗಡಿಯಾರ ನೋಡಿದೆ. ಹತ್ತಕ್ಕೂ ಐದೈದು ಹಾಕಿ, ಸಹಿ ಮಾಡಿ, ಎರಡು ನಿಮಿಷದಲ್ಲಿ ಕೊಟ್ಟು ಬಂದೆ.