ಚಳಿ ಮೀನಿಗಲ್ಲ, ನಮಗೆ

ಮೈನಸ್ 10 ಡಿಗ್ರಿಯಲ್ಲಿ ಟ್ರೌಟ್ ಹಿಡಿಯಲು ಹೋಗುತ್ತೇನೆ ಅಂದರೆ ಕೇಳಿದವರಿಗೆ ಮೊದಲು ಮೀನಿನ ಮೇಲೆ ಕನಿಕರ ಬರುತ್ತದೆ. ಪಾಪ, ಅಂಥ ನೀರಲ್ಲಿ ಅದು ಹೇಗಿರುತ್ತದೋ ಅಂತ. ಕನಿಕರ ಬೇಕಿರುವುದು ದಡದಲ್ಲಿ ನಿಂತವರಿಗೆ.

ಅಮೆರಿಕದ ವಿಸ್ಕಾನ್ಸಿನ್‌ನ ನೈಋತ್ಯಕ್ಕೆ ಡ್ರಿಫ್ಟ್‌ಲೆಸ್ ಅನ್ನುವ ಗುಡ್ಡಗಾಡಿದೆ. ಹಿಮಯುಗದ ಮಂಜುಗಡ್ಡೆ ಸುತ್ತಲಿನ ನೆಲವನ್ನೆಲ್ಲ ಉಜ್ಜಿ, ಯಾಕೋ ಈ ಒಂದು ತುಂಡನ್ನು ಮುಟ್ಟದೆ ಹೋಯಿತು. ಹಾಗಾಗಿ ಇಲ್ಲಿ ಕಡಿದಾದ ಕಣಿವೆ, ಸುಣ್ಣಕಲ್ಲು, ಎಲ್ಲೆಂದರಲ್ಲಿ ಒರತೆ. ನೆಲದೊಳಗಿಂದ ಬರುವ ಆ ನೀರು ವರ್ಷವಿಡೀ ಹೆಚ್ಚುಕಮ್ಮಿ 9 ಡಿಗ್ರಿ. ಅದಕ್ಕೇ ಹೊಲ, ರಸ್ತೆ, ಕಾರಿನ ಗಾಜು ಎಲ್ಲ ಹೆಪ್ಪುಗಟ್ಟಿರುವ ಜನವರಿಯಲ್ಲೂ ಕೂನ್ ವ್ಯಾಲಿ ಹತ್ತಿರದ ಟಿಂಬರ್ ಕೂಲಿ ಹಳ್ಳ ಹಬೆಯಾಡುತ್ತಾ ಹರಿಯುತ್ತಿರುತ್ತದೆ. (ಈ ಕಣಿವೆ ಒಂದು ಕಾಲಕ್ಕೆ ಮಣ್ಣು ಕೊಚ್ಚಿಹೋಗಿ ಹಾಳಾಗಿತ್ತು. ಆ ದೇಶದ ಮೊದಲ ಜಲಾನಯನ ಮಣ್ಣು ಸಂರಕ್ಷಣೆಯ ಕೆಲಸ 1933ರಲ್ಲಿ ಶುರುವಾದದ್ದು ಇಲ್ಲೇ. ಅದಾಗದಿದ್ದರೆ ಇಲ್ಲಿ ಇಷ್ಟು ಟ್ರೌಟ್ ಇರುತ್ತಿತ್ತಾ, ಅನುಮಾನ.)

ಮೀನು ಆಳದ ಮಡುವಿನಲ್ಲಿ, ನೀರು ನಿಧಾನವಿರುವ ಕಡೆ, ಸುಮ್ನೆ ಇರುತ್ತದೆ. ನೀರು ತಣ್ಣಗಾದಷ್ಟೂ ಅದಕ್ಕೆ ಹಸಿವು ಕಮ್ಮಿ, ಅಟ್ಟಿಸಿಕೊಂಡು ಹೋಗಿ ತಿನ್ನುವ ದರ್ದಿಲ್ಲ. ಊಟ ಬಾಯಿಯ ಮುಂದೆಯೇ ಬರಬೇಕು. ಅದನ್ನು ಬಡಿಸುವವರು ನಾವು. ಗಾಳದ ಮುಳ್ಳಿಗೆ ನೂಲು, ಗರಿ ಸುತ್ತಿ ಮಾಡಿದ ಜೀರಿಗೆ ಕಾಳಿನಷ್ಟು ಸುಳ್ಳು ಹುಳವನ್ನು ಮರಗಟ್ಟಿದ ಬೆರಳುಗಳಲ್ಲಿ ಹಿಡಿದು, ಕಾಣದ ದಾರ ಪೋಣಿಸಿ, ಗಂಟು ಹಾಕಬೇಕು. ಗ್ಲೌಸ್ ತೆಗೆಯದೆ ಆಗಲ್ಲ, ತೆಗೆದರೆ ಕೈ ಇರಲ್ಲ. ಇನ್ನು ಒದ್ದೆ ದಾರ ಎಳೆದಾಗಲೆಲ್ಲ, ಅದು ಹಾದುಹೋಗುವ ಗಾಳದ ರಾಡಿನ ಪುಟ್ಟ ರಿಂಗುಗಳಲ್ಲಿ ನೀರು ಕೂತು ಐಸ್ ಆಗುತ್ತದೆ. ಕೆಲವರು ಅದಕ್ಕೆ ತುಟಿಗೆ ಹಚ್ಚುವ ಬಾಮ್ ಸವರುತ್ತಾರೆ. ನಾನು ರಾಡನ್ನೇ ಹಳ್ಳದಲ್ಲಿ ಅದ್ದಿ ಕರಗಿಸುತ್ತೇನೆ, ಅಲ್ಲಿಗಿಂತ ಬೆಚ್ಚಗಿನ ಜಾಗ ಹತ್ತಿರದಲ್ಲಿ ಬೇರೆ ಎಲ್ಲಿದೆ?

ಮಧ್ಯಾಹ್ನ ಬಿಸಿಲು ಬಂದರೆ ಇನ್ನೊಂದು ತಮಾಷೆ. ನಮಗೆ ಜೀವ ಬರುತ್ತದೆ, ಒಂದು ಪದರ ಜಾಕೆಟ್ಟೂ ಕಳಚುತ್ತೇವೆ. ಬಿಸಿಲು ಜಾಸ್ತಿಯಾಯಿತೋ, ದಡದ ಹಿಮ ಕರಗಿ ಹಳ್ಳಕ್ಕೆ ಇಳಿದು ನೀರು ಇದ್ದಕ್ಕಿಂತ ತಣ್ಣಗಾಗುತ್ತದೆ. ಮೀನು ಬಾಯಿ ಮುಚ್ಚಿಕೊಳ್ಳುತ್ತದೆ. ನಮಗೆ ಹಿತವಾದ ಹೊತ್ತು ಅದಕ್ಕೆ ಆಗಿಬರುವುದಿಲ್ಲ.

ಅಪ್ಪಿತಪ್ಪಿ ಸಿಕ್ಕರೆ ಮೇಲೆತ್ತಿ ಫೋಟೋ ತೆಗೆಯುವ ಆಸೆ ಬಿಡಬೇಕು. ಈ ಗಾಳಿಯಲ್ಲಿ ಒದ್ದೆ ಕಿವಿರು ಬೇಗ ಹೆಪ್ಪುಗಟ್ಟುತ್ತದೆ. ನೀರಲ್ಲೇ ಇಟ್ಟು ಗಾಳದ ಮುಳ್ಳು ಬಿಡಿಸಿ ಕಳಿಸಬೇಕು. ಜನವರಿಯಿಂದ ಮೇ ಮೊದಲ ವಾರದವರೆಗೆ ಕಾನೂನೂ ಅದೇ, ಒಂದನ್ನೂ ಮನೆಗೆ ತರುವಂತಿಲ್ಲ. ಮೀನು ತಿನ್ನದ ನನಗಂತೂ ಹೇಳಿ ಮಾಡಿಸಿದ ಕಾನೂನು.

ಅಮ್ಮನಿಗೆ ಮಾತ್ರ ಇದು ತಲೆಗೆ ಹೋಗಿಲ್ಲ. "ತಿನ್ನೋದೂ ಇಲ್ಲ, ತರೋದೂ ಇಲ್ಲ. ಮತ್ತೆ ಅದನ್ನ ಯಾಕೋ ಹಿಡೀತೀಯ?" ಅಂತ ಫೋನಿನಲ್ಲಿ ಕೇಳುತ್ತಾಳೆ. ನಾನು ಮಡು, ಒರತೆ, 9 ಡಿಗ್ರಿ ಅಂತ ಶುರುಮಾಡುವಷ್ಟರಲ್ಲಿ, "ಅದು ಹಾಳಾಗ್ಲಿ, ಕಿವಿಗೆ ಹತ್ತಿ ಇಟ್ಕೊಂಡಿದ್ದೆ ತಾನೆ?"